ವೀರಗಲ್ಲಿನ ಕತ್ತಿಗೊಂದು ಹಿಡಿ

ಆಗಸ್ಟ್ 4, ಸೋಮವಾರ

ದಿನಕ್ಕೊಂದು ಪುಟ ಬಲಗೈಯಲ್ಲೇ ಬರೆಯಬೇಕು ಎಂದು ಫಿಸಿಯೋ ಮೇಡಂ ಹೇಳಿದ್ದಾರೆ. ಏನು ಬರೆಯಲಿ ಎಂದು ಕೇಳಿದರೆ, ಏನಾದರೂ ಬರೆಯಿರಿ, ನಾನೇನೂ ಓದುವುದಿಲ್ಲ ಎಂದರು. ಹೆಸರು ಶಶಿಕುಮಾರ್. ವಯಸ್ಸು ನಲವತ್ತನಾಲ್ಕು. ಬಾಪೂಜಿ ನಗರ. ಇಪ್ಪತ್ತೊಂದು ವರ್ಷ ಮರಗೆಲಸ. ತೋರುಬೆರಳು ಅರ್ಧ ಇಲ್ಲ, ನಡುಬೆರಳಿನ ತುದಿ ಇಲ್ಲ. ಆರು ಸಾಲು ಆಯಿತು. ಸಾಕು.

ಆಗಸ್ಟ್ 6, ಬುಧವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಪೆನ್ನು ನಿಲ್ಲುವುದಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಶೋಭಾರಾಣಿ ಗಾರ್ಮೆಂಟ್ಸ್‌ಗೆ ಹೊರಡುವ ಮುಂಚೆ ಚಪಾತಿಯನ್ನು ತುಂಡು ಮಾಡಿ ನನ್ನ ತಟ್ಟೆಗೆ ಹಾಕಿದಳು. ನಾನೇನು ಮಗುವಾ ಎಂದು ರೇಗಿದೆ. ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮೇಲೆ ಅದೇ ತುಂಡುಗಳನ್ನು ಸ್ಪೂನಿನಲ್ಲಿ ತಿಂದೆ.

ಆಗಸ್ಟ್ 10, ಭಾನುವಾರ

ಪದ್ಮನಾಭ ಸಾರ್ ಮನೆಗೆ ಬಂದಿದ್ದರು. ನಾಯಂಡಹಳ್ಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಫರ್ನಿಚರ್ ವರ್ಕ್‌ಶಾಪಿನ ಓನರ್. ಕೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡೇ ಮಾತಾಡಿದೆ. ಆಯುಧಪೂಜೆಯ ತನಕ ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಆಮೇಲೆ ಮೆಷಿನ್ ಮುಂದೆ ನಿಲ್ಲಲು ಆದರೆ ಸರಿ. ಆಗದಿದ್ದರೆ ಶೋರೂಮಿನಲ್ಲಿ ಕೂತು ಗಿರಾಕಿಗಳಿಗೆ ಕ್ಯಾಟಲಾಗ್ ತೋರಿಸುವ ಕೆಲಸ ಇದೆಯಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಇನ್ನೂ ಉರಿಯಿತು.

ಫೆಬ್ರವರಿಯಲ್ಲಿ ಬೆರಳು ಹೋದದ್ದಕ್ಕೆ ಅವರನ್ನು ದೂರುವ ಹಾಗಿಲ್ಲ. ಮರ ಹೆರೆಯುವ ಪ್ಲೇನರ್ ಮೆಷಿನ್ನಿಗೆ ಪಟ್ಟಿಯ ತುದಿಯನ್ನು ಕೈಯಿಂದ ತಳ್ಳಬಾರದು, ಕಡ್ಡಿಯಿಂದ ತಳ್ಳಬೇಕು ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ನಾನೇ. ಆವತ್ತು ಕಡ್ಡಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೋಗಿ ತರಲು ಸೋಮಾರಿತನ. ಅಷ್ಟೇ. ಈಗ ಅಡುಗೆಮನೆಯ ಮಿಕ್ಸಿ ಶಬ್ದಕ್ಕೂ ಎದ್ದು ಬಾಗಿಲ ಹೊರಗೆ ಹೋಗಿಬಿಡುತ್ತೇನೆ. ಇದನ್ನು ಶೋಭಾಗೆ ಹೇಳಿಲ್ಲ. ಮಿಕ್ಸಿಗೆ ಹೆದರುವ ಗಂಡ ಎಂದರೆ ಯಾರಿಗಾದರೂ ನಗು ಬರುತ್ತದೆ.

ಕ್ಯಾಟಲಾಗ್ ತೋರಿಸುವ ಶಶಿಕುಮಾರ್. ಬೆಳಿಗ್ಗೆಯಿಂದ ಇದೇ ತಲೆಯಲ್ಲಿದೆ. ಮರಗೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಬೇರೇನೂ ಬೇಕಾಗಿಯೂ ಇಲ್ಲ.

ಆಗಸ್ಟ್ 14, ಗುರುವಾರ

ಇವತ್ತು ಒಬ್ಬಳು ಹುಡುಗಿ ಕತ್ತಿ ಹಿಡಿದುಕೊಂಡು ಮನೆಗೆ ಬಂದಳು. ಬರೆದ ಮೇಲೆ ಓದಿದರೆ ಪೊಲೀಸ್ ಕಂಪ್ಲೇಂಟಿನ ಹಾಗಿದೆ. ಹೆಸರು ಬಿಂದುಶ್ರೀ, ಕೆಂಗೇರಿಯವಳು, ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ಭಾನುವಾರಗಳಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕಾಯಿಸಿ ಬಡಿಯುತ್ತಾಳಂತೆ. ಅವರ ಹೊಲ ನಾಯಂಡಹಳ್ಳಿಯಲ್ಲಿತ್ತು. ಅಲ್ಲಿ ಈಗ ಗೋಡೌನ್‌ಗಳು ಎದ್ದಿವೆ, ಎರಡು ಗೋಡೌನಿನ ನಡುವೆ ಅವರ ಮನೆತನದ ವೀರಗಲ್ಲು ಮಾತ್ರ ಉಳಿದಿದೆ. ಆಯುಧಪೂಜೆಯ ದಿನ ಮನೆಯ ಹಿರಿಯರು ಆ ಕಲ್ಲಿನ ಮುಂದೆ ಕತ್ತಿಯಿಂದ ಬೂದುಗುಂಬಳ ಕಡಿಯುವುದು ಪದ್ಧತಿ. ಹಳೆಯ ಕತ್ತಿ ತುಕ್ಕು ಹಿಡಿದು ಮುರಿದು ಎರಡು ವರ್ಷವಾಯಿತು. ಅಂದಿನಿಂದ ಪೂಜೆ ನಿಂತಿದೆ, ಅವಳ ತಾತ ಅದೇ ಕೊರಗಿನಲ್ಲಿದ್ದಾರೆ.

ಇವಳು ಕಲ್ಲಿನ ಮೇಲೆ ಕಾಗದ ಇಟ್ಟು, ವೀರನ ಕೈಯಲ್ಲಿರುವ ಕತ್ತಿಯ ಅಚ್ಚು ತೆಗೆದುಕೊಂಡು, ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಅದೇ ಆಕಾರದ ಅಲಗು ಮಾಡಿದ್ದಾಳೆ. ಮೊಳಕ್ಕಿಂತ ಗಿಡ್ಡ, ತುದಿಯ ಕಡೆ ಅಗಲ, ಒಳಕ್ಕೆ ಬಾಗು. ಸುತ್ತಿಗೆಯ ಗುರುತು ಅಲ್ಲಲ್ಲಿ ಇದೆ, ಆದರೂ ಸುಳ್ಳು ಹೇಳಬಾರದು, ಚೆನ್ನಾಗಿದೆ. ಹಿಂದೆ ಹಿಡಿಯೊಳಗೆ ಹೋಗಬೇಕಾದ ಕಬ್ಬಿಣ ಇಲಿಯ ಬಾಲದ ಹಾಗೆ ಚಾಚಿಕೊಂಡಿದೆ. ಅದಕ್ಕೊಂದು ಮರದ ಹಿಡಿ ಆಗಬೇಕು. ಪದ್ಮನಾಭ ಸಾರ್ ನನ್ನ ಹತ್ತಿರ ಕಳಿಸಿದ್ದಾರೆ.

ಕರುಣೆ ತೋರಿಸಲು ಕಳಿಸಿದ್ದಾರೆ ಎಂದು ಗೊತ್ತಾಯಿತು. ಮಾತು ಮುಗಿಸಿಬಿಡೋಣ ಎಂದು ಟವೆಲ್ಲಿನಿಂದ ಕೈ ತೆಗೆದು ಅವಳ ಮುಂದೆ ಹಿಡಿದೆ. ಅವಳು ನೋಡಿದಳು, ನೋವಿದೆಯಾ ಎಂದು ಕೇಳಿದಳು. ನೋವಿಲ್ಲ ಎಂದೆ.

"ಹಾಗಾದ್ರೆ ಇದು ಇಲ್ಲೇ ಇರ್ಲಿ ಸಾರ್. ಆಗಲ್ಲ ಅಂದ್ರೆ ಮುಂದಿನ ವಾರ ಬಂದು ತಗೊಂಡ್ ಹೋಗ್ತೀನಿ."

ಮೇಜಿನ ಮೇಲೆ ಇಟ್ಟು ಹೊರಟೇ ಹೋದಳು. ಸಂಜೆ ಶೋಭಾ ಬಂದು ನೋಡಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಬೇರೆಯವರ ಆಯುಧಕ್ಕೆ ಇವಳ ಪೂಜೆ.

ಆಗಸ್ಟ್ 17, ಭಾನುವಾರ

ಮಾಡುವುದಿಲ್ಲ ಎಂದು ನಿರ್ಧಾರ ಮಾಡಿದ್ದೇನೆ. ಸುಮ್ಮನೆ ನೋಡಲು ಅಟ್ಟದ ಮೇಲಿಂದ ಹಳೆಯ ಬೀಟೆ ಮರದ ತುಂಡೊಂದನ್ನು ಇಳಿಸಿದೆ. ಉದ್ದ ಸರಿಹೋಗುತ್ತದೆ. ಟೆರೇಸಿನ ಮೇಲೆ ವೈಸ್ ಕೂರಿಸಿದೆ. ಅದೂ ಸುಮ್ಮನೆ.

ಆಗಸ್ಟ್ 24, ಭಾನುವಾರ

ಕೈಗರಗಸ, ಉಜ್ಜುವ ಅರ, ತೂತು ಕೊರೆಯುವ ಕೈಬೈರಿಗೆ. ಮೆಷಿನ್ ಇಲ್ಲ. ವರ್ಕ್‌ಶಾಪಿನಲ್ಲಿ ಹತ್ತು ನಿಮಿಷಕ್ಕೆ ಆಗುವ ಕೆಲಸಕ್ಕೆ ಒಂದು ವಾರ ಹಿಡಿಯಿತು. ಅರ ಮೂರು ಸಲ ಕೈಜಾರಿ ಬಿತ್ತು. ಮೂರನೇ ಸಲ ಅದನ್ನು ನೀರಿನ ಟ್ಯಾಂಕಿಗೆ ಎಸೆದೆ. ಶಬ್ದ ಕೇಳಿ ಕೆಳಗಿನ ಮನೆಯ ಅಂಜಮ್ಮ ಏನಾಯಿತೋ ಎಂದು ಮೇಲೆ ಓಡಿ ಬಂದರು. ಏನೂ ಇಲ್ಲ, ಕಾಗೆ ಓಡಿಸಿದೆ ಎಂದೆ. ನಂಬಲಿಲ್ಲ.

ಕಬ್ಬಿಣದ ಬಾಲ ಹೋಗುವ ತೂತು ಎರಡು ಮಿಲಿಮೀಟರ್ ಎಡಕ್ಕೆ ವಾಲಿದೆ. ಹೊರಗೆ ಕಾಣುವುದಿಲ್ಲ. ನನಗೆ ಗೊತ್ತು, ಅಷ್ಟೇ. ಮೊದಲಾಗಿದ್ದರೆ ಇಂಥ ತೂತು ಕೊರೆದವನಿಗೆ ನಾನೇ ಬಯ್ಯುತ್ತಿದ್ದೆ.

ಆಗಸ್ಟ್ 31, ಭಾನುವಾರ

ಮುಗಿಯಿತು. ಗಣೇಶ ಹಬ್ಬದ ಮೂರು ದಿನವೂ ಟೆರೇಸಿನಲ್ಲೇ ಇದ್ದೆ. ಕಡುಬನ್ನು ಶೋಭಾ ಮೇಲಕ್ಕೇ ತಂದುಕೊಟ್ಟಳು. ಎರಡು ಟ್ಯೂಬ್ ಕಲಸುವ ಗಮ್ ತುಂಬಿ ಹಿಡಿ ಕೂರಿಸಿದ್ದೇನೆ. ಬೀಟೆಗೆ ಆರು ಕೋಟು ಪಾಲಿಶ್. ಮುಖ ಕಾಣುತ್ತದೆ. ಆನೆ ಕಟ್ಟಿ ಎಳೆದರೂ ಈ ಹಿಡಿ ಬಿಡುವುದಿಲ್ಲ ಎಂದು ಬಿಂದುಶ್ರೀಗೆ ಫೋನಿನಲ್ಲಿ ಹೇಳಿದೆ. ಬರುವ ಭಾನುವಾರ ತಾತನಿಗೆ ನೀವೇ ಕೈಯಾರೆ ಕೊಡಿ ಎಂದಳು.

ಕೈಯಲ್ಲಿ ಹಿಡಿದು ನೋಡಿದೆ. ನನಗಾಗಿಯೇ ಹುಟ್ಟಿದ ಹಾಗೆ ಕೂರುತ್ತದೆ. ಎರಡು ಪುಟ ಬರೆಯಬಹುದು ಇವತ್ತು, ಆದರೆ ಶೋಭಾ ಊಟಕ್ಕೆ ಕರೆಯುತ್ತಿದ್ದಾಳೆ.

ಸೆಪ್ಟೆಂಬರ್ 7, ಭಾನುವಾರ

ಮಾನ ಹೋಯಿತು.

ಕೆಂಗೇರಿಯಲ್ಲಿ ಅವರದು ಹಳೆಯ ಕೆಂಪು ಗಾರೆಯ ಮನೆ. ತಾತ ಮುನಿವೆಂಕಟಪ್ಪನವರಿಗೆ ಎಂಬತ್ತನಾಲ್ಕು. ಮಗ ಯೋಗಾನಂದ, ಬಿಂದುಶ್ರೀಯ ತಂದೆ, ಅವರನ್ನು ಹಿಡಿದುಕೊಂಡು ಹಜಾರಕ್ಕೆ ಕರೆತಂದರು. ನಾನು ಎರಡೂ ಕೈಯಲ್ಲಿ ಕತ್ತಿ ಕೊಟ್ಟೆ. ತಾತ ಕಣ್ಣಿಗೆ ಒತ್ತಿಕೊಂಡು ಎತ್ತಿದರು. ಸಂದುನೋವಿಗೆ ಅವರ ಬೆರಳೆಲ್ಲ ಬಾಗಿವೆ, ಪೂರ್ತಿ ಬಿಚ್ಚುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ. ಕತ್ತಿ ಕೈಯೊಳಗೆ ತಿರುಗಿ ನೆಲಕ್ಕೆ ಬಿತ್ತು. ಪಾದದಿಂದ ನಾಲ್ಕು ಬೆರಳು ದೂರ. ಗಾರೆ ಕಿತ್ತು ಬಂತು.

ಬಿಂದುಶ್ರೀ ಎತ್ತಿ ತಾನು ಹಿಡಿದು ನೋಡಿದಳು. ಅವಳ ಕೈಯಲ್ಲೂ ಬೆರಳಿಗೂ ಮರಕ್ಕೂ ನಡುವೆ ಸಂದು ಬಿಡುತ್ತಿತ್ತು. ಹೀಗೆ ಹಿಡಿಯಬೇಕು ಎಂದು ತೋರಿಸಲು ನಾನು ತೆಗೆದುಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಸಾರ್, ಇದು ನಿಮ್ಮ ಕೈಗೆ ಮಾಡಿದೀರ."

ಹೌದು. ಎರಡು ಬೆರಳು ಇಲ್ಲದ ಕಡೆ ಮರವನ್ನು ದಪ್ಪ ಬಿಟ್ಟಿದ್ದೇನೆ, ಉಂಗುರದ ಬೆರಳು ಬಿಗಿ ಹಿಡಿಯುವ ಕಡೆ ಸಣ್ಣ ಮಾಡಿದ್ದೇನೆ. ಅಳತೆಪಟ್ಟಿ ಇಟ್ಟು ಮಾಡಿದವನು ನಾನು, ಯಾವಾಗ ಹೀಗಾಯಿತೋ ತಿಳಿಯಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು, ಮೇಲುಗಡೆ ಸ್ವಲ್ಪ ಕೆತ್ತಿ ಸರಿ ಮಾಡುತ್ತೇನೆ, ಹಿಡಿಯಂತೂ ನೂರು ವರ್ಷ ಬಿಡುವುದಿಲ್ಲ ಎಂದು ಜಂಭ ಕೊಚ್ಚಿದೆ. ಅದಕ್ಕೆ ತಾತ ತಲೆ ಎತ್ತಿದರು.

"ಬಿಡ್ದೇ ಹೋದ್ರೆ ಹೆಂಗಪ್ಪಾ? ಅಲಗು ಕಲ್ಲಿಂದು, ಹಿಡಿ ಹಿಡಿಯೋನ್ದು. ನಮ್ಮಪ್ಪ ಹೋದ್ಮೇಲೆ ಅವ್ರ ಹಿಡಿ ಬಿಚ್ಚಿ ನನ್ನ ಕೈಗೆ ಬೇರೆ ಹಾಕಿದ್ರು. ನಾನು ಹೋದ್ಮೇಲೆ ಈ ನನ್ನ ಮಗನ ಕೈಗೆ ಹಾಕ್ಬೇಕು."

ಯೋಗಾನಂದರು ಈಗ್ಯಾಕೆ ಆ ಮಾತು ಎಂದು ತಡೆದರು. ತಾತ ಬಿಡಲಿಲ್ಲ. ಅವರ ಮನೆಯ ಕತ್ತಿಗೆ ಹಿಡಿ ಹಾಕುತ್ತಿದ್ದುದು ಅರಗು ಮತ್ತು ಇಟ್ಟಿಗೆ ಪುಡಿಯಿಂದ. ಮರದ ತೂತಿಗೆ ಅದನ್ನು ತುಂಬಿ, ಕಬ್ಬಿಣದ ಬಾಲವನ್ನು ಕಾಯಿಸಿ ಒಳಗೆ ನೂಕಿದರೆ ಅರಗು ಕರಗಿ ಹಿಡಿದುಕೊಳ್ಳುತ್ತದೆ. ಬಿಚ್ಚಬೇಕಾದರೆ ಮತ್ತೆ ಬಿಸಿ ಕೊಟ್ಟರೆ ಸಾಕು. ಒಬ್ಬರ ಹಿಡಿಯನ್ನು ಇನ್ನೊಬ್ಬರು ಹಿಡಿದು ಕಡಿಯುವ ಹಾಗಿಲ್ಲ. ಕಲ್ಲಿನ ಮೇಲಿನ ಕತ್ತಿಯನ್ನು ನೂಲು ಹಿಡಿದು ಅಳೆದ ಬಿಂದುಶ್ರೀಗೆ ಇದು ಗೊತ್ತಿರಲಿಲ್ಲ. ತಾತನನ್ನು ಕೇಳಬೇಕೆಂದು ಅವಳಿಗೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ.

ಆಯುಧಪೂಜೆಗೆ ಇಪ್ಪತ್ತನಾಲ್ಕು ದಿನ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸ್ ತಂದಿದ್ದೇನೆ. ಬಿಂದುಶ್ರೀ ಬೇಡ ಸಾರ್ ಎಂದಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಅವಳು ಹಾಗೆ ಅನ್ನಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಕ್ಯಾಟಲಾಗ್ ತೋರಿಸುವುದೇ ವಾಸಿ.

ಸೆಪ್ಟೆಂಬರ್ 13, ಶನಿವಾರ

ಗಮ್ ಹಾಕಿದ ಹಿಡಿಯನ್ನು ಉಳಿಯಿಂದ ಸೀಳಲು ನೋಡಿದೆ. ಬೀಟೆ ಜಗ್ಗಲಿಲ್ಲ. ಬೆಂಕಿಗೆ ಹಿಡಿದರೆ ಅಲಗಿನ ಹದ ಕೆಡುತ್ತದೆ. ಬ್ಯಾಂಡ್‌ಸಾ ಮೆಷಿನ್ನಿನಲ್ಲಿ ಕಬ್ಬಿಣದ ಎರಡೂ ಪಕ್ಕಕ್ಕೆ ಕುಯ್ದು ತೆಗೆಯುವುದೊಂದೇ ದಾರಿ. ನಾಯಂಡಹಳ್ಳಿಗೆ ಹೋದೆ.

ಪದ್ಮನಾಭ ಸಾರ್ ತಾವೇ ಕುಯ್ದುಕೊಡುತ್ತೇನೆ ಎಂದು ಕೈ ಚಾಚಿದರು. ಒಳಗೆ ಕಬ್ಬಿಣ ಎಲ್ಲಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿದೆ. ತೂತು ಎರಡು ಮಿಲಿಮೀಟರ್ ಎಡಕ್ಕೆ ವಾಲಿದೆ ಎಂದು ಗೊತ್ತಿರುವವನು ಲೋಕದಲ್ಲಿ ನಾನೊಬ್ಬನೇ. ಬ್ಲೇಡು ಕಬ್ಬಿಣಕ್ಕೆ ತಗುಲಿದರೆ ಅದೂ ಹಾಳು, ಆ ಹುಡುಗಿಯ ಅಲಗೂ ಹಾಳು. ಮರದ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಂಡು, ಕತ್ತಿಯನ್ನು ಹಲಗೆಗೆ ಕ್ಲಾಂಪ್ ಹಾಕಿ ಬಿಗಿದು, ಹಲಗೆಯನ್ನು ಕಡ್ಡಿಯಿಂದ ತಳ್ಳುತ್ತಾ ಎಡಪಕ್ಕ ಕುಯ್ದೆ. ತಿರುಗಿಸಿ ಬಲಪಕ್ಕ. ಉಳಿದ ಮರವನ್ನು ಉಳಿಯಿಂದ ಕೆರೆದು ತೆಗೆದೆ. ಅಲಗಿಗೆ ಒಂದು ಗೀರೂ ಬಿದ್ದಿಲ್ಲ. ಬೀಟೆಯ ಎರಡು ಹೋಳನ್ನು ಅಲ್ಲೇ ಹೊಟ್ಟಿನ ರಾಶಿಗೆ ಎಸೆದೆ. ಆರು ಕೋಟು ಪಾಲಿಶ್ ದಂಡ.

ಮನೆಗೆ ಬಂದು ಶೋಭಾಗೆ ಹೇಳುತ್ತಿದ್ದರೆ, ಮೆಷಿನ್ ಯಾರು ಆನ್ ಮಾಡಿದರು ಎಂದು ಕೇಳಿದಳು. ಯಾರು ಮಾಡುತ್ತಾರೆ, ನಾನೇ ಎಂದೆ. ಭಯ ಆಗಲಿಲ್ಲವಾ ಎಂದಳು. ಏನು ಭಯ ಎಂದೆ. ಮಿಕ್ಸಿ ಹಾಕಿದಾಗೆಲ್ಲ ನಾನು ಎದ್ದು ಬಾಗಿಲ ಹೊರಗೆ ಹೋಗುತ್ತಿದ್ದುದು ಅವಳಿಗೆ ಮೊದಲಿನಿಂದಲೂ ಗೊತ್ತಂತೆ. ಅದಕ್ಕೇ ಎಷ್ಟೋ ತಿಂಗಳಿಂದ ಚಟ್ನಿಯನ್ನು ಆದಷ್ಟೂ ನಾನು ಸ್ನಾನಕ್ಕೆ ಹೋದಾಗಲೇ ರುಬ್ಬುತ್ತಿದ್ದಾಳಂತೆ.

ಸೆಪ್ಟೆಂಬರ್ 14, ಭಾನುವಾರ

ಕೆಂಗೇರಿಗೆ ಹೋದೆ. ತಾತನ ಮುಷ್ಟಿಯ ಅಳತೆ ಬೇಕಿತ್ತು. ನೂಲು ಸುತ್ತಿ ಅಳೆಯಲು ಹೋದರೆ ಅವರ ಬೆರಳು ಒಂದೊಂದು ಒಂದೊಂದು ದಿಕ್ಕಿಗಿದೆ, ನೂಲು ನಿಲ್ಲುವುದಿಲ್ಲ. ಅಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು. ಬಿಂದುಶ್ರೀಯ ತಾಯಿ ಲತಾ ತಾತನ ತಟ್ಟೆಗೆ ಮುದ್ದೆ ಹಾಕಿದರು. ತಾತ ಅದನ್ನು ಹಿಸುಕಿ ಮುರಿಯುವುದನ್ನು ನೋಡುತ್ತಿದ್ದೆ. ಬೆರಳಿನ ಗುರುತು ಅಚ್ಚು ಹೊಡೆದ ಹಾಗೆ ಮೂಡಿತ್ತು.

ಇನ್ನೊಂದು ಮುದ್ದೆ ಕೊಡಿ, ಸ್ವಲ್ಪ ಗಟ್ಟಿ ಇರಲಿ ಎಂದೆ. ನನಗೆ ಎಂದುಕೊಂಡು ಲತಾ ಖುಷಿಯಿಂದ ತಂದರು. ಅದನ್ನು ಉದ್ದಕ್ಕೆ ಹೊಸೆದು ತಾತನ ಕೈಗೆ ಕೊಟ್ಟು, ಕತ್ತಿ ಹಿಡಿದ ಹಾಗೆ ಗಟ್ಟಿಯಾಗಿ ಹಿಡಿಯಿರಿ ಎಂದೆ. ಉಣ್ಣೋ ಅನ್ನದಲ್ಲಿ ಆಟ ಆಡಿಸುತ್ತೀಯಾ ಎಂದು ಬೈದರು. ಬೈಯುತ್ತಲೇ ಹಿಡಿದರು. ಬೈದಷ್ಟೂ ಹಿಡಿತ ಬಿಗಿಯಾಯಿತು, ನನಗೆ ಅದೇ ಬೇಕಾಗಿತ್ತು. ಆಮೇಲೆ ನಾನೂ ಕೂತು ಉಂಡೆ. ಬಸ್ಸಾರು ಚೆನ್ನಾಗಿತ್ತು, ಎರಡು ಮುದ್ದೆ ಮುರಿದೆ.

ಮರವನ್ನೂ ಅವರೇ ಕೊಟ್ಟರು. ವೀರಗಲ್ಲಿನ ಪಕ್ಕ ಒಂದು ಹುಣಸೆ ಮರ ಇದೆಯಂತೆ, ಆರು ವರ್ಷದ ಹಿಂದೆ ಕರೆಂಟ್ ವೈರಿಗಾಗಿ ಕಡಿದ ಕೊಂಬೆ ಶೆಡ್ಡಿನಲ್ಲಿ ಒಣಗಿ ನಿಂತಿತ್ತು. ತಿರುಳು ಗಾಢ ಕಂದು. ಬೀಟೆಯ ಹಾಗೆ ಮೆರೆಯುವುದಿಲ್ಲ, ಆದರೆ ಕೈ ಜಾರುವುದೂ ಇಲ್ಲ.

ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವನು ಟಿಫಿನ್ ಡಬ್ಬಿ ತೆಗೆಸಿದ. ಮುದ್ದೆ ಎಂದೆ. ಊಟಕ್ಕಾ ಎಂದು ಕೇಳಿದ. ಇಲ್ಲ, ಅಳತೆಗೆ ಎಂದೆ. ನನ್ನನ್ನು ಒಂದು ಥರಾ ನೋಡಿ ಕಳಿಸಿಕೊಟ್ಟ.

ಸೆಪ್ಟೆಂಬರ್ 20, ಶನಿವಾರ

ಮುದ್ದೆ ಫ್ರಿಜ್ಜಿನಲ್ಲಿದೆ. ಶೋಭಾ ಇದನ್ನು ಯಾವಾಗ ಎಸೆಯಲಿ ಎಂದು ದಿನಾ ಕೇಳುತ್ತಾಳೆ. ಬಿರುಕು ಬಿಡುವ ಮುಂಚೆ ಒಂದೊಂದು ಬೆರಳಿನ ಗುಂಡಿಯ ಸುತ್ತಳತೆಯನ್ನೂ ನೂಲಿನಲ್ಲಿ ಹಿಡಿದಿಟ್ಟಿದ್ದೇನೆ.

ಇಂಥ ಹಿಡಿಯನ್ನು ನಾನು ಯಾವತ್ತೂ ಮಾಡಿಲ್ಲ. ಎರಡು ಪಕ್ಕವೂ ಒಂದೇ ಸಮ ಇರಬೇಕು ಎಂದು ಕೈ ತಾನಾಗಿ ಹೋಗುತ್ತದೆ, ಹಿಡಿದು ನಿಲ್ಲಿಸಬೇಕು. ತಾತನ ಕಿರುಬೆರಳು ಒಳಕ್ಕೆ ಮಡಚಿದೆ, ಅಲ್ಲಿ ಮರ ತಗ್ಗಬೇಕು. ಹೆಬ್ಬೆರಳು ಬಗ್ಗುವುದಿಲ್ಲ, ಅದಕ್ಕೆ ಮೇಲೆ ಒರಗಲು ಜಾಗ ಬೇಕು. ಒಂದು ಸಂಗತಿ ಗಮನಕ್ಕೆ ಬಂತು. ಕತ್ತರಿಸಿಹೋದ ತೋರುಬೆರಳಿನ ತುದಿಯಲ್ಲಿ ಚರ್ಮ ತೆಳು. ಮರದ ಮೇಲೆ ಆಡಿಸಿದರೆ ಕೂದಲೆಳೆಯಷ್ಟು ಉಬ್ಬಿದ್ದರೂ ತಿಳಿಯುತ್ತದೆ. ಮೊದಲಿನ ಬೆರಳಿಗೆ ಇಷ್ಟು ತಿಳಿಯುತ್ತಿರಲಿಲ್ಲ. ಫಿಸಿಯೋ ಮೇಡಂಗೆ ಹೇಳಬೇಕು. ಈ ವಾರ ಅವರ ಹತ್ತಿರ ಹೋಗುವುದು ಮರೆತೇಹೋಗಿತ್ತು.

ಸೆಪ್ಟೆಂಬರ್ 28, ಭಾನುವಾರ

ಗ್ರಂಧಿಗೆ ಅಂಗಡಿಯಲ್ಲಿ ಅರಗು ಸಿಕ್ಕಿತು. ಮೊದಲು ಒಂದು ಹಳೆಯ ಅರಕ್ಕೆ ಹಿಡಿ ಹಾಕಿ ಕಲಿತೆ. ಮೊದಲನೆಯದು ಸುಟ್ಟಿತು. ಎರಡನೆಯದು ತಣ್ಣಗಾದ ಮೇಲೆ ಕಳಚಿ ಬಿತ್ತು. ತಾತನಿಗೆ ಫೋನ್ ಮಾಡಿದೆ. ಇಟ್ಟಿಗೆ ಪುಡಿ ಜಾಸ್ತಿ ಆಗಿದೆ, ಅರಗಿನ ಅರ್ಧ ಇರಬೇಕು ಎಂದರು. ಮೂರನೆಯದು ನಿಂತಿತು.

ಆಮೇಲೆ ಕತ್ತಿ. ಬಾಲ ಮಾತ್ರ ಕಾಯಬೇಕು, ಅಲಗಿಗೆ ಬಿಸಿ ಏರಬಾರದು. ನನ್ನ ಟವೆಲ್ಲನ್ನು ಒದ್ದೆ ಮಾಡಿ ಅಲಗಿಗೆ ಸುತ್ತಿ ಶೋಭಾಳ ಕೈಗೆ ಕೊಟ್ಟೆ. ಬ್ಲೋಟಾರ್ಚ್ ಹಚ್ಚಿದೆ. ಬಾಲ ಮಬ್ಬುಗೆಂಪಾದ ಕೂಡಲೇ ಹುಣಸೆ ಹಿಡಿಯನ್ನು ಹಿಡಿದು ನೂಕಿದೆ. ಬುಸ್ ಎಂದು ಹೊಗೆ ಎದ್ದಿತು, ಅರಗು ಉಕ್ಕಿ ಬಂತು. ಶೋಭಾ ಕೆಮ್ಮುತ್ತಾ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಆದರೆ ಕೈ ಅಲ್ಲಾಡಿಸಲಿಲ್ಲ. ವಾಲದ ಹಾಗೆ ನೋಡಿಕೊಂಡು ಎಣಿಸುತ್ತಾ ನಿಂತೆವು, ನೂರರವರೆಗೆ ಒಟ್ಟಿಗೆ. ಕೆಳಗಿನಿಂದ ಅಂಜಮ್ಮ ಏನು ಹೊತ್ತಿಕೊಂಡಿತು ಎಂದು ಕೂಗಿದರು. ನಾವು ಎಣಿಕೆ ನಿಲ್ಲಿಸಲಿಲ್ಲ.

ನೆಟ್ಟಗೆ ಕೂತಿದೆ. ಕಡೆಯಲ್ಲಿ ಶೋಭಾ ಟವೆಲ್ ಎತ್ತಿ ತೋರಿಸಿದಳು, ಅಂಚೆಲ್ಲ ಸುಟ್ಟು ಕಪ್ಪಾಗಿತ್ತು. ನೆಲ ಒರೆಸಲು ಇಟ್ಟುಕೋ ಎಂದೆ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಬೆಳಿಗ್ಗೆ ಏಳಕ್ಕೇ ನಾವಿಬ್ಬರೂ ನಾಯಂಡಹಳ್ಳಿಯಲ್ಲಿದ್ದೆವು. ಎರಡು ಗೋಡೌನಿನ ನಡುವಿನ ಸಂದಿಯಲ್ಲಿ ಮೂರು ಜನ ಸಾಲಾಗಿ ನಿಂತರೆ ತುಂಬಿಹೋಗುತ್ತದೆ. ಅಡ್ಡ ನಿಂತಿದ್ದ ಲಾರಿಯನ್ನು ಯೋಗಾನಂದರು ಹೇಳಿ ತೆಗೆಸಿದರು. ಲತಾ ಕಲ್ಲು ತೊಳೆದು ಎಣ್ಣೆ ಹಚ್ಚಿದ್ದರು. ಕಲ್ಲಿನ ವೀರ ಕಾಲು ಅಗಲಿಸಿ ನಿಂತಿದ್ದಾನೆ. ಅವನ ಕೈಯಲ್ಲಿರುವುದು ನಿಜವಾಗಿಯೂ ಈ ಕತ್ತಿಯೇ, ಬಿಂದುಶ್ರೀ ಒಂದು ನೂಲೂ ತಪ್ಪಿಲ್ಲ.

ತಾತ ಹಿಡಿಯ ಮೇಲೆ ಒಂದೊಂದೇ ಬೆರಳು ಇಟ್ಟರು. ಎಲ್ಲ ಬೆರಳೂ ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಕೈ ಎತ್ತಿದರು. ಶೋಭಾ ನನ್ನ ತೋಳು ಹಿಡಿದುಕೊಂಡಿದ್ದಳು. ಕುಂಬಳಕ್ಕೆ ಎರಡು ಏಟು ಬೇಕಾಯಿತು. ಪದ್ಧತಿ ಒಂದೇ ಏಟಿನದು, ಆದರೆ ಯಾರೂ ಎಣಿಸಲಿಲ್ಲ. ಕತ್ತಿ ಕೈಯಲ್ಲೇ ಇತ್ತು, ಒಂದಿಷ್ಟೂ ತಿರುಗಲಿಲ್ಲ. ಯೋಗಾನಂದರು ಬೇರೆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು, ಬರೆಯುವುದಕ್ಕೇನು ನಾಚಿಕೆ.

ತಾತ ಕತ್ತಿಯನ್ನು ಕೆಳಗಿಡಲಿಲ್ಲ. ಹಿಡಿಯನ್ನು ಸವರುತ್ತಾ ನನ್ನನ್ನು ಹತ್ತಿರ ಕರೆದರು.

"ನಾನು ಹೋದ್ಮೇಲೆ ಇದನ್ನ ಬಿಚ್ಚೋಕೆ ನೀನೇ ಬರ್ಬೇಕು ಕಣಪ್ಪ. ಬೇರೆಯೋನು ಬಂದ್ರೆ ಅಲಗು ಸುಟ್ಟಾಕ್ತಾನೆ. ನನ್ನ ಮಗನ ಹಿಡೀನೂ ನೀನೇ ಹಾಕ್ಬೇಕು."

"ಬರ್ತೀನಿ ತಾತ," ಎಂದೆ.

ಹಬ್ಬದ ದಿನ ಇದೇನು ಮಾತು ಎಂದು ಲತಾ ಬೇಜಾರು ಮಾಡಿಕೊಂಡರು. ತಾತನಿಗೆ ಮಾತ್ರ ಒಂದು ದೊಡ್ಡ ಕೆಲಸ ಮುಗಿದ ಹಾಗಿತ್ತು.

ಮಧ್ಯಾಹ್ನ ವರ್ಕ್‌ಶಾಪಿನ ಪೂಜೆಗೆ ಹೋದೆ. ಮೆಷಿನ್‌ಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ಪ್ಲೇನರಿಗೆ ನಾನೇ ಕುಂಕುಮ ಇಟ್ಟೆ. ಶುಕ್ರವಾರದಿಂದ ಬರುತ್ತೇನೆ, ಆದರೆ ತಳ್ಳುವ ಕಡ್ಡಿಯನ್ನು ಮೆಷಿನ್ನಿಗೇ ಸರಪಳಿ ಹಾಕಿ ಕಟ್ಟಬೇಕು ಎಂದು ಪದ್ಮನಾಭ ಸಾರ್‌ಗೆ ಹೇಳಿದೆ. ಶೋರೂಮಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಕ್ಟೋಬರ್ 5, ಭಾನುವಾರ

ಮೂರು ದಿನ ಬರೆಯಲು ಪುರಸೊತ್ತಾಗಲಿಲ್ಲ. ಒಂದು ವಾರ್ಡ್‌ರೋಬಿನ ಕೆಲಸ ಅರ್ಜೆಂಟಿದೆ, ಶುಕ್ರವಾರ ಶನಿವಾರ ಎರಡೂ ದಿನ ಲೇಟಾಯಿತು.

ಇವತ್ತು ಬಿಂದುಶ್ರೀಗೆ ಹೇಳಿ ಅದೇ ಹುಣಸೆ ಕೊಂಬೆಯ ಬುಡದ ಕಡೆಯ ದಪ್ಪ ತುಂಡೊಂದನ್ನು ತರಿಸಿಕೊಂಡೆ. ಪೂಜೆಯ ದಿನ ಯೋಗಾನಂದರು ಕುಂಬಳಕಾಯಿ ಎತ್ತಿಡುವಾಗ ಅವರ ಕೈ ನೋಡಿದ್ದೆ. ಅಗಲವಾದ ಅಂಗೈ, ಉದ್ದ ಬೆರಳು, ಸಾಲದ್ದಕ್ಕೆ ಎಡಚರು. ತಾತನ ಹಿಡಿಗೆ ತಂದದ್ದರಲ್ಲಿ ಉಳಿದ ಮರ ಅವರಿಗೆ ಏನೇನೂ ಸಾಲದು. ಈ ತುಂಡು ದಪ್ಪವಾದ್ದರಿಂದ ಒಳಗೆ ಇನ್ನೂ ಪೂರ್ತಿ ಒಣಗಿಲ್ಲ. ಬಿರುಕು ಬಿಡದ ಹಾಗೆ ಎರಡೂ ತುದಿಗೆ ಮೇಣ ಹಚ್ಚಿ, ಮೇಲೆ 'ಯೋಗಾನಂದ, ಎಡಗೈ' ಎಂದು ಪೆನ್ಸಿಲ್ಲಿನಲ್ಲಿ ಬರೆದು ಅಟ್ಟದ ಮೇಲಿಟ್ಟೆ.

ಶೋಭಾ ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದಳು. ಅದನ್ನು ಓದಿ ಅವಳಿಗೆ ಸಿಟ್ಟು ಬಂತು.

"ತಾತ ಇನ್ನೂ ಗಟ್ಟಿಯಾಗಿದಾರೆ ಕಣ್ರೀ. ಈಗ್ಲೇ ಮಗನಿಗೆ ಮರ ಎತ್ತಿಡ್ತೀರಲ್ಲ."

ಇರಲಿ, ಇನ್ನೂ ಹದಿನೈದು ವರ್ಷ ಇರಲಿ ಎಂದೆ. ಹುಣಸೆ ನಿಧಾನಕ್ಕೆ ಒಣಗಿದಷ್ಟೂ ಒಳ್ಳೆಯದು, ನನಗೇನೂ ಅವಸರವಿಲ್ಲ.